ಕೃಷ್ಣೆಯ ನಡುಗಡ್ಡೆಗಳು: ಕತೆ, ಹಾಡು ಮತ್ತು ನಂಬಿಕೆ

ಇಂಡಿ ತಾಲ್ಲೂಕಿನ ಹೊರ್ತಿ ಬಯಲುಸೀಮೆಯ ಊರು. ಇಲ್ಲಿಂದ ಕಡಲು ಬಹುದೂರ. ಆದರೆ ವಿಜಯಪುರ ಜಿಲ್ಲೆಯ ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ ಹರಿಯುತ್ತಾರೆ. ಆದ್ದರಿಂದ ಈ ಭಾಗದ ಜನರಿಗೆ ದ್ವೀಪವೆಂದರೆ ಕಡಲಿನದಲ್ಲ, ಹೊಳೆಯ ನಡುವಿನ ಗಡ್ಡೆ. ಬೇಸಿಗೆಯಲ್ಲಿ ಅದು ದಡಕ್ಕೆ ಹತ್ತಿರ. ಹೊಳೆ ತುಂಬಿದಾಗ ಬೇರೆಯೇ ಲೋಕ. ಅದನ್ನು ದೂರವಾಗಿಸುವುದು ಅಂತರವಲ್ಲ, ಋತು. ಹೀಗಾಗಿ ನಮ್ಮ ನಡುಗಡ್ಡೆಯ ಕತೆಗಳು ಬಹುಮಟ್ಟಿಗೆ ಹೊಳೆ ದಾಟುವವರ ಕತೆಗಳಾಗಿವೆ.

ಹೆಸರಿನಲ್ಲೇ ನೀರು

ಸಂಸ್ಕೃತದ 'ದ್ವೀಪ' ಪದಕ್ಕೆ ಎರಡೂ ಕಡೆ ನೀರುಳ್ಳದ್ದು ಎಂಬುದು ಮೂಲಾರ್ಥ. ಕನ್ನಡದಲ್ಲಿ ನಡುಗಡ್ಡೆ, ಕುರುವ, ಕುದುರು ಎಂಬ ಪದಗಳಿವೆ. ಕರಾವಳಿಯ ಹೊಳೆಗಳಲ್ಲಿ ಕುದುರುಗಳಿದ್ದರೆ, ಕೃಷ್ಣೆಯಲ್ಲಿ ಕುರುವಪುರವಿದೆ.

ಕುರುವಪುರದ ಅಗಸ

ರಾಯಚೂರು ತಾಲ್ಲೂಕಿನಲ್ಲಿ, ತೆಲಂಗಾಣದ ಅಂಚಿಗಿರುವ ಕುರುವಪುರವು ಶ್ರೀಪಾದ ಶ್ರೀವಲ್ಲಭರ ನೆಲೆಯೆಂದು ದತ್ತ ಸಂಪ್ರದಾಯದವರು ನಂಬುತ್ತಾರೆ. ಸರಸ್ವತಿ ಗಂಗಾಧರನ ಮರಾಠಿ 'ಗುರುಚರಿತ್ರೆ'ಯಲ್ಲಿ ಈ ಕ್ಷೇತ್ರದ ಕತೆಗಳಿವೆ. ಅವುಗಳಲ್ಲೊಂದು ಅಗಸನದು. ಗುರುಗಳಿಗೆ ನಿತ್ಯವೂ ನಮಸ್ಕರಿಸುತ್ತಿದ್ದ ಆತ, ಒಂದು ದಿನ ಹೊಳೆಯಲ್ಲಿ ವೈಭವದಿಂದ ದೋಣಿವಿಹಾರ ಮಾಡುತ್ತಿದ್ದ ಅರಸನನ್ನು ಕಂಡು ಬೆರಗಾಗುತ್ತಾನೆ. ಆ ಆಸೆಯನ್ನು ತಿಳಿದ ಗುರುಗಳು ಮರುಜನ್ಮದಲ್ಲಿ ಅವನಿಗೆ ಅರಸೊತ್ತಿಗೆಯನ್ನು ಅನುಗ್ರಹಿಸುತ್ತಾರೆ. ಬಟ್ಟೆ ಒಗೆಯುವವನೂ ದೋಣಿಯಲ್ಲಿ ತೇಲುವ ದೊರೆಯೂ ಎದುರಾಗುವುದು ಒಂದೇ ಹೊಳೆಯಲ್ಲಿ ಎಂಬುದು ಈ ಕತೆಯ ಸ್ವಾರಸ್ಯ.

ಹೊಳೆಯ ಎರಡು ದಡ

ಕೃಷ್ಣಾ–ಮಲಪ್ರಭಾ ಸಂಗಮದ ಕೂಡಲಸಂಗಮವು 12ನೇ ಶತಮಾನದ ಬಸವಣ್ಣನವರ ಐಕ್ಯಸ್ಥಳ. ಅವರ ವಚನಗಳ ಅಂಕಿತವೂ ಇಲ್ಲಿಯ ದೈವದ್ದೇ. ಹೊಳೆಯ ಆಚೆ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ನೀಲಾಂಬಿಕೆಯವರು ಐಕ್ಯರಾದರೆಂಬುದು ಪರಂಪರೆ. ಹಡಪದ ಅಪ್ಪಣ್ಣನವರ ಮೂಲಕ ಬಸವಣ್ಣನವರ ಕರೆ ಬಂದಿತೆಂದೂ, ಆಕೆ ಹೊಳೆ ದಾಟದೆಯೇ ಇಲ್ಲಿ ಬಯಲಾದರೆಂದೂ ಜನ ಹೇಳುತ್ತಾರೆ. ದಾಟದೆ ಉಳಿದದ್ದೇ ಇಲ್ಲಿ ಕತೆಯಾಗಿದೆ.

1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟಿನ ಬಸವಸಾಗರದ ಹಿನ್ನೀರು ಸಂಗಮವನ್ನು ಆವರಿಸಿತು. ಐಕ್ಯಸ್ಥಳ ಮುಳುಗದಂತೆ ಅದರ ಸುತ್ತ ಬಾವಿಯಂತಹ ಗೋಡೆ ಕಟ್ಟಲಾಗಿದೆ. ಇಂದು ಯಾತ್ರಿಕರು ನೀರಿನ ನಡುವಿನ ಮಂಟಪಕ್ಕೆ ಸೇತುವೆಯಲ್ಲಿ ನಡೆದು, ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ನದಿ ಮಾಡದ ನಡುಗಡ್ಡೆಯೊಂದನ್ನು ಅಣೆಕಟ್ಟು ಮಾಡಿತು.

ಅಂಬಿಗನ ದನಿ

ದಾಟಬೇಕೆಂದರೆ ಅಂಬಿಗನೇ ಗತಿ. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲು ಈ ಹೊಳೆಗಳ ಹಳೆಯ ವಾಹನ. ವಚನಕಾರ ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರನ್ನೇ ಅಂಕಿತವಾಗಿಸಿಕೊಂಡ. ಪುರಂದರದಾಸರು ದೇವರನ್ನೇ ಅಂಬಿಗನೆಂದು ಕರೆದು ಹಾಡಿದರು. ಸಂಸಾರವನ್ನು ಹೊಳೆಯಾಗಿ ಕಾಣುವ ಕವಿಸಮಯಕ್ಕೆ ನಿತ್ಯದ ಅನುಭವವೇ ಬೆಂಬಲವಾಗಿತ್ತು.

ಕತೆಯ ಬೆಲೆ

ಈ ಅನುಭವ ಬರಿಯ ಭಕ್ತಿಯದಲ್ಲ. ಯಾದಗಿರಿ ಜಿಲ್ಲೆಯ ನೀಲಕಂಠರಾಯನ ಗಡ್ಡಿ ಪ್ರವಾಹ ಬಂದಾಗ ಹೊರಜಗತ್ತಿನ ಸಂಪರ್ಕ ಕಡಿದುಕೊಳ್ಳುತ್ತಿದ್ದ ನಡುಗಡ್ಡೆ. 2014ರಲ್ಲಿ ಇಲ್ಲಿಯ ತುಂಬು ಗರ್ಭಿಣಿಯೊಬ್ಬರು ಸುರಕ್ಷಿತ ಹೆರಿಗೆಗಾಗಿ, ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿದರು. ಸುದ್ದಿ ನಾಡಿನಾಚೆಗೂ ಹರಡಿತು. ಕೇಳಿದವರು ಅದನ್ನು ಸಾಹಸವೆಂದು ಕೊಂಡಾಡಿದರು; ಆಕೆಗೆ ಅದು ಆಸ್ಪತ್ರೆಯ ದಾರಿಯಾಗಿತ್ತು.

ಸೇತುವೆ ಬಂದಲ್ಲಿ ಹರಿಗೋಲು ಮೂಲೆ ಸೇರುತ್ತದೆ, ಅದರೊಡನೆ ಕೆಲವು ಹಾಡುಗಳೂ ಮರೆಯಾಗಬಹುದು. ಹಾಗೆಂದು ಹಾಡಿಗಾಗಿ ಯಾರೂ ಪ್ರವಾಹದಲ್ಲಿ ಈಜಬೇಕಾಗಿಲ್ಲ. ಸೇತುವೆಯೂ ಬೇಕು, ದಾಟಿದವರ ನೆನಪನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸವೂ ಆಗಬೇಕು.