ನಲಿ-ಕಲಿ ಬೋಧನಾ ಪದ್ಧತಿ: ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಸರ್ಕಾರಿ ಪ್ರಾಥಮಿಕ ಶಾಲೆಗಳ ಆರಂಭಿಕ ತರಗತಿಗಳಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಕಲಿಯುವ ಪದ್ಧತಿಯನ್ನು ನಲಿ-ಕಲಿ ಎಂದು ಕರೆಯಲಾಗುತ್ತದೆ. ಇದರ ಹಿನ್ನೆಲೆ, ಕಾರ್ಯವಿಧಾನ ಹಾಗೂ ಪ್ರಯೋಜನಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

1. ಹಿನ್ನೆಲೆ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಈ ಪದ್ಧತಿಯನ್ನು ಪ್ರಾಯೋಗಿಕವಾಗಿ ಆರಂಭಿಸಲಾಯಿತು. ಆಂಧ್ರಪ್ರದೇಶದ ಮದನಪಲ್ಲಿ ಸಮೀಪದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುತ್ತಿದ್ದ ವಿಧಾನವು ಇದಕ್ಕೆ ಪ್ರೇರಣೆಯಾಗಿತ್ತು. ಕಲಿಕಾ ಸಾಮಗ್ರಿಗಳನ್ನು ಶಿಕ್ಷಕರೇ ಸಿದ್ಧಪಡಿಸಿದ್ದು ಇದರ ವಿಶೇಷ. 2009-10ನೇ ಸಾಲಿನಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗಳಿಗೂ, ತದನಂತರ 3ನೇ ತರಗತಿಗೂ ಇದನ್ನು ವಿಸ್ತರಿಸಲಾಯಿತು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 29ನೇ ಪ್ರಕರಣವೂ ಚಟುವಟಿಕೆಗಳ ಮೂಲಕ, ಭಯರಹಿತ ವಾತಾವರಣದಲ್ಲಿ ಕಲಿಕೆ ನಡೆಯಬೇಕೆಂದು ವಿಧಿಸಿದೆ.

2. ಕಾರ್ಯವಿಧಾನ

ಅ) ಪಾಠಗಳನ್ನು ಮೈಲಿಗಲ್ಲುಗಳಾಗಿ ವಿಂಗಡಿಸಿ, ಅವುಗಳ ಕ್ರಮವನ್ನು ಕಲಿಕಾ ಏಣಿಯಲ್ಲಿ ಚಿತ್ರಸಂಕೇತಗಳೊಂದಿಗೆ ತೋರಿಸಲಾಗಿರುತ್ತದೆ.
ಆ) ಮಗುವು ತಾನು ತಲುಪಿರುವ ಮೆಟ್ಟಿಲಿನ ಕಾರ್ಡನ್ನು ತೆಗೆದುಕೊಂಡು ಸಂಬಂಧಿಸಿದ ಗುಂಪಿನಲ್ಲಿ ಕುಳಿತುಕೊಳ್ಳುತ್ತದೆ. ಶಿಕ್ಷಕರ ನೆರವು ಬೇಕಾದವರಿಗೆ, ಗೆಳೆಯರ ನೆರವಿನಿಂದ ಕಲಿಯುವವರಿಗೆ ಹಾಗೂ ಸ್ವತಃ ಕಲಿಯಬಲ್ಲವರಿಗೆ ಪ್ರತ್ಯೇಕ ಗುಂಪುಗಳಿರುತ್ತವೆ.
ಇ) ಮಗುವು ಮುಗಿಸಿದ ಮೆಟ್ಟಿಲುಗಳನ್ನು ಪ್ರಗತಿ ನೋಟದಲ್ಲಿ ದಾಖಲಿಸಲಾಗುತ್ತದೆ.

3. ಈ ತಾಲ್ಲೂಕುಗಳಿಗೆ ಇದರ ಪ್ರಯೋಜನ

ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಕೂಲಿ ಕುಟುಂಬಗಳ ಮಕ್ಕಳು ಶಾಲೆಯಿಂದ ದೂರ ಉಳಿಯುವುದುಂಟು. ಎಲ್ಲರಿಗೂ ಒಂದೇ ಪಾಠ ನಡೆಯುವ ತರಗತಿಯಲ್ಲಿ ಇಂತಹ ಮಗುವು ಮರಳಿ ಬಂದಾಗ ಪಾಠ ಬಹಳ ಮುಂದೆ ಹೋಗಿರುತ್ತದೆ. ಅರ್ಥವಾಗದೆ ಕುಳಿತ ಮಗು ಕ್ರಮೇಣ ಶಾಲೆಯನ್ನೇ ಬಿಡುವ ಸಂಭವವಿದೆ. ನಲಿ-ಕಲಿಯಲ್ಲಿ ಹಿಂದಿನ ಪುಟದ ಶಿಲ್ಕನ್ನು ಮುಂದಿನ ಪುಟಕ್ಕೆ ತಂದುಕೊಳ್ಳುವಂತೆ, ಮಗುವು ನಿಲ್ಲಿಸಿದ್ದ ಮೆಟ್ಟಿಲಿನಿಂದಲೇ ಕಲಿಕೆಯನ್ನು ಮುಂದುವರಿಸಬಹುದಾಗಿದೆ. ಆದರೆ ಇದನ್ನು ಗೈರುಹಾಜರಿಗೆ ನೀಡಿದ ಸಮ್ಮತಿಯೆಂದು ಭಾವಿಸತಕ್ಕದ್ದಲ್ಲ.

ಗಡಿಭಾಗದ ಅನೇಕ ಮನೆಗಳಲ್ಲಿ ತೆಲುಗು ಆಡುಭಾಷೆಯಾಗಿದೆ. ಅಂತಹ ಮಕ್ಕಳಿಗೆ ಕನ್ನಡ ಅಕ್ಷರಗಳ ಜೊತೆಗೆ ಕನ್ನಡ ಮಾತೂ ಹೊಸದು. ಹಾಡು, ಕಥೆ, ಚಿತ್ರ ಹಾಗೂ ಗೆಳೆಯರೊಂದಿಗಿನ ಮಾತುಕತೆಯಿಂದ ಮೊದಲು ಮಾತು, ನಂತರ ಬರಹ ರೂಢಿಯಾಗಲು ಅನುಕೂಲವಾಗುತ್ತದೆ.

4. ಗಮನಿಸಬೇಕಾದ ಅಂಶಗಳು

ಕಾರ್ಡುಗಳಿದ್ದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಕಾರ್ಡುಗಳು ಹರಿದು ಅಥವಾ ಕಳೆದುಹೋದಲ್ಲಿ ಏಣಿಯ ಕ್ರಮ ತಪ್ಪುತ್ತದೆ. ಪ್ರಗತಿ ನೋಟವನ್ನು ಸಕಾಲದಲ್ಲಿ ತುಂಬದಿದ್ದಲ್ಲಿ ಹಿಂದುಳಿದ ಮಗು ಯಾರ ಗಮನಕ್ಕೂ ಬಾರದೆ ಹೋಗಬಹುದು. ಮಕ್ಕಳ ಸಂಖ್ಯೆ ಹೆಚ್ಚಿರುವ ಕೊಠಡಿಯಲ್ಲಿ ಪ್ರತಿ ಗುಂಪಿನ ಮೇಲೆ ನಿಗಾ ಇಡುವುದು ಶಿಕ್ಷಕರಿಗೆ ಕಷ್ಟವಾಗುತ್ತದೆ. ಆದ್ದರಿಂದ ಸಾಮಗ್ರಿ, ದಾಖಲೆ ಮತ್ತು ಶಿಕ್ಷಕರ ಲಭ್ಯತೆ ಈ ಮೂರನ್ನೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗಳಲ್ಲಿ ಪರಿಶೀಲಿಸುವುದು ಸೂಕ್ತ.

5. ಪೋಷಕರಲ್ಲಿ ವಿನಂತಿ

• ‘ಎಷ್ಟು ಪಾಠ ಆಯಿತು?’ ಎಂದು ಕೇಳುವ ಬದಲು ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಶಿಕ್ಷಕರನ್ನು ವಿಚಾರಿಸಿ, ಪ್ರಗತಿ ನೋಟವನ್ನು ನೋಡುವುದು.
• ಕೆಲಸಕ್ಕಾಗಿ ಬೇರೆ ಊರಿಗೆ ಹೋಗುವಾಗ ವರ್ಗಾವಣೆ ಪತ್ರ ಪಡೆದು ಮಗುವನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸುವುದು. ಈ ಪತ್ರ ತಡವಾದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.
• ಆಟವಾಡುತ್ತ ಕಲಿಯುವುದನ್ನು ಕಾಲಹರಣವೆಂದು ಭಾವಿಸದೆ, ಮಗು ಕಲಿತ ಹಾಡು ಮತ್ತು ಲೆಕ್ಕಗಳನ್ನು ಮನೆಯಲ್ಲಿ ಕೇಳುವುದು.

ಹೆಚ್ಚಿನ ಮಾಹಿತಿಗಾಗಿ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.