ಸಿಂಬಿ ಇಲ್ಲದ ಮಡಕೆ

ಶಿವಮೊಗ್ಗ ಅನ್ನೋ ಹೆಸರಲ್ಲೇ ಒಂದು ಮಡಕೆ ಇದೆ. ದೂರ್ವಾಸರ ಆಶ್ರಮದಲ್ಲಿ ಗಿಡಮೂಲಿಕೆ ಕುದಿಯುತ್ತಿದ್ದ ಮೊಗೆಯ ರುಚಿ ನೋಡಿದ ದನಗಾಹಿಗಳು ‘ಸಿಹಿ ಮೊಗೆ’ ಅಂದರಂತೆ, ಅದೇ ಊರಿನ ಹೆಸರಾಯಿತಂತೆ. ‘ಶಿವನ ಮುಖ’ ಅನ್ನುವವರೂ ಇದ್ದಾರೆ, ಬಿಡಿ. ಪಕ್ಕದ ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಒಂದೂರಲ್ಲಿ ಮೊಗೆ, ಇನ್ನೊಂದರಲ್ಲಿ ಅದನ್ನು ಸುಡೋ ಬೆಂಕಿ!

ಆದರೆ ನಮಗೆ ಗೊತ್ತಿರೋದು ಕಬ್ಬಿಣದ ಬೆಂಕಿ. 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಭದ್ರಾವತಿಯಲ್ಲಿ ಕಬ್ಬಿಣ ತೆಗೆಯೋಕೆ ಶುರು ಮಾಡಿದರು. ಆ ಕಾರ್ಖಾನೆಗೆ ಈಗ ವಿಶ್ವೇಶ್ವರಯ್ಯನವರ ಹೆಸರಿದೆ. ನಮ್ಮ ಅಡುಗೆಮನೆಗೆ ಮಡಕೆ ಕೊಟ್ಟವರ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಹೆಸರು ಹೋದರೂ ಮಡಕೆ ಸಾಕ್ಷಿಯಾಗಿ ಉಳಿಯುತ್ತೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಒಂದೊಂದು ಕಾಲವನ್ನೂ ಗುರುತಿಸೋಕೆ ನೆರವಾದದ್ದು ಮಡಕೆ ಚೂರುಗಳು. ಕೆಳಗಿನ ಪದರದಲ್ಲಿ ಕಲ್ಲುಕೊಡಲಿಯ ಕಾಲದ, ಹೆಚ್ಚಾಗಿ ಕೈಯಲ್ಲೇ ಮಾಡಿದ ಒರಟು ಮಡಕೆ. ಅದರ ಮೇಲೆ ಕಬ್ಬಿಣ ಬಳಸಿದವರ ಕಪ್ಪು-ಕೆಂಪು ಮಡಕೆ. ಅಂದರೆ ಕಬ್ಬಿಣ ಬಂದಾಗಲೂ ಮಡಕೆ ಹೋಗಿರಲಿಲ್ಲ.

ಹಾಗಾದರೆ ನಮ್ಮ ಕಾಲದಲ್ಲಿ ಯಾಕೆ ಹೋಯಿತು? ಉತ್ತರ ಸಿಕ್ಕಿದ್ದು ಒಂದು ಸಾರಿನ ಮಡಕೆಯಿಂದ. ಶಿವಮೊಗ್ಗದಿಂದ ತಂದು ಗ್ರಾನೈಟ್ ಕಟ್ಟೆ ಮೇಲಿಟ್ಟೆ. ವಾಲಿತು, ಸಾರೆಲ್ಲ ಚೆಲ್ಲಿತು. ಅಜ್ಜಿಗೆ ಫೋನ್ ಮಾಡಿ ದೂರಿದೆ. ‘ಸಿಂಬಿ ಇಲ್ದೆ ಮಡಕೆ ಇಡ್ತಾರೇನೋ?’ ಅಂತ ನಕ್ಕರು.

ಕುಂಬಾರ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ದುಂಡಗೆ ಮಾಡ್ತಾನೆ. ಮೂಲೆ ಇಲ್ಲದ್ದರಿಂದ ಶಾಖ ಸಮನಾಗಿ ಹರಡುತ್ತೆ, ಬಿರುಕು ಕಡಿಮೆ. ಅದು ಕೂರೋಕೆ ಮೂರು ಕಲ್ಲಿನ ಒಲೆ ಇತ್ತು, ಇಳಿಸಿಡೋಕೆ ಹುಲ್ಲಿನ ಸಿಂಬಿ ಇತ್ತು. ಒಲೆ, ಸಿಂಬಿ, ಮಡಕೆ ಮೂರೂ ಸೇರಿ ಒಂದೇ ವಿನ್ಯಾಸ. ಎರಡನ್ನು ಎಸೆದು ಮೂರನೆಯದು ಸರಿಯಿಲ್ಲ ಅಂದವರು ನಾವು.

ಈಗ ಅದೇ ಮಡಕೆಯನ್ನು ಷೋಕೇಸಲ್ಲಿಟ್ಟು ಕರಕುಶಲ ಅಂತೀವಿ. ಷೋಕೇಸಿನ ಮಡಕೆ ಒಡೆಯಲ್ಲ. ಒಡೆಯದಿದ್ದರೆ ಕುಂಬಾರನಿಗೆ ಮುಂದಿನ ವರ್ಷ ಕೆಲಸವೂ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ನನ್ನ ಗ್ಯಾಸ್ ಒಲೆಯ ಅಳತೆ ಒಯ್ತೀನಿ. ಅಲ್ಲೀವರೆಗೆ ಹಳೇ ಟವೆಲ್ ಸುತ್ತಿ ಸಿಂಬಿ ಮಾಡ್ಕೊಂಡಿದ್ದೀನಿ. ಸಾರು ಚೆಲ್ಲಿಲ್ಲ.