ಟಾಮ್ ಫ್ಲೋರೆಸ್: ತಡವಾಗಿ ಸಂದ ಗೌರವ

ಅಮೆರಿಕದವರು ‘ಫುಟ್‌ಬಾಲ್’ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ನಮಗೆ ಪರಿಚಯವಿರುವ ಫುಟ್‌ಬಾಲ್ ಅವರ ಬಾಯಲ್ಲಿ ‘ಸಾಕರ್’. ಅವರ ಫುಟ್‌ಬಾಲಿನಲ್ಲಿ ಚೆಂಡು ಮೊಟ್ಟೆಯಾಕಾರದ್ದು; ಅದನ್ನು ಎದೆಗವಚಿಕೊಂಡು ಓಡಬಹುದು, ಎಸೆಯಬಹುದು. ತಂಡಕ್ಕೆ 11 ಮಂದಿ. ನಾಲ್ಕು ಅವಕಾಶಗಳಲ್ಲಿ 10 ಗಜವಾದರೂ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಪ್ರಯತ್ನದಲ್ಲೂ ಚೆಂಡು ಸಾಮಾನ್ಯವಾಗಿ ಮೊದಲು ಬರುವುದು ‘ಕ್ವಾರ್ಟರ್‌ಬ್ಯಾಕ್’ ಎಂಬ ಆಟಗಾರನ ಕೈಗೆ. ಅದನ್ನು ಯಾರಿಗೆ ಎಸೆಯಬೇಕು, ಯಾರ ಕೈಗಿತ್ತು ಓಡಿಸಬೇಕು ಎಂಬುದನ್ನು ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ ಆತ ನಿರ್ಧರಿಸಬೇಕು.

ಕ್ರಿಕೆಟ್‌ನಲ್ಲಿ ಮೈದಾನಕ್ಕಿಳಿದ ಮೇಲೆ ನಾಯಕನದೇ ಮಾತು. ಇಲ್ಲಿ ಹಾಗಲ್ಲ. ಆಟ ನಡೆಯುತ್ತಿರುವಾಗಲೇ ಗಡಿಗೆರೆಯ ಆಚೆ ನಿಂತ ತರಬೇತುದಾರ ಮತ್ತು ಆತನ ಸಹಾಯಕರು ಮುಂದಿನ ತಂತ್ರವನ್ನು ಒಳಗೆ ಕಳಿಸುತ್ತಿರುತ್ತಾರೆ. ಹೀಗಾಗಿ ಆಟದ ಬುದ್ಧಿ ಬಲ್ಲ ಕ್ವಾರ್ಟರ್‌ಬ್ಯಾಕ್ ಮುಂದೆ ಒಳ್ಳೆಯ ತರಬೇತುದಾರನಾಗಬಹುದು ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಅದು ಸುಲಭವಲ್ಲ. ಮೊದಲ ಎರಡು ‘ಸೂಪರ್ ಬೌಲ್’ಗಳನ್ನು ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಗೆದ್ದುಕೊಟ್ಟ ಮಹಾನ್ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್, 1975ರಿಂದ 1983ರವರೆಗೆ ಅದೇ ತಂಡದ ತರಬೇತುದಾರರಾಗಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ಈ ಹಾದಿಯಲ್ಲಿ ನಡೆದು ಗೆದ್ದ ಕೆಲವರಲ್ಲಿ ಟಾಮ್ ಫ್ಲೋರೆಸ್ ಒಬ್ಬರು. ಅವರು ಸ್ಟಾರ್ ಅವರಷ್ಟು ದೊಡ್ಡ ಆಟಗಾರರೇನಲ್ಲ. ತರಬೇತುದಾರರಾಗಿ ಮಾತ್ರ ಎರಡು ಸಲ ರಾಷ್ಟ್ರದ ಅತ್ಯುನ್ನತ ಪ್ರಶಸ್ತಿ ಗೆದ್ದರು. ಆದರೂ ಆ ಆಟದ ಕೀರ್ತಿಮಂದಿರದ ಬಾಗಿಲು ಅವರಿಗೆ ತೆರೆದದ್ದು 84ನೇ ವಯಸ್ಸಿನಲ್ಲಿ.

ಬೇಡವೆನಿಸಿಕೊಂಡ ಹುಡುಗ

ಫ್ಲೋರೆಸ್ ಹುಟ್ಟಿದ್ದು 1937ರಲ್ಲಿ, ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪ್ರದೇಶದಲ್ಲಿ. ದ್ರಾಕ್ಷಿ ಮತ್ತು ಹಣ್ಣಿನ ತೋಟಗಳ ಸೀಮೆ ಅದು. ತಂದೆ ತಾಯಿ ಮೆಕ್ಸಿಕೊ ಮೂಲದವರು, ಹೊಲ ತೋಟಗಳಲ್ಲಿ ಕೂಲಿ ಮಾಡುತ್ತಿದ್ದವರು. ಮಗನೂ ಚಿಕ್ಕಂದಿನಲ್ಲೇ ತೋಟದ ಕೆಲಸಕ್ಕೆ ಇಳಿದ. ಸ್ಯಾಂಗರ್ ಎಂಬ ಪುಟ್ಟ ಊರಿನ ಶಾಲೆಯಿಂದ ಫ್ರೆಸ್ನೊ ಸಿಟಿ ಕಾಲೇಜಿಗೆ, ಅಲ್ಲಿಂದ ಸ್ಟಾಕ್‌ಟನ್ನಿನ ಕಾಲೇಜ್ ಆಫ್ ದಿ ಪೆಸಿಫಿಕ್‌ಗೆ ಫುಟ್‌ಬಾಲ್ ಅವರನ್ನು ಕರೆದೊಯ್ದಿತು.

ವೃತ್ತಿ ಆಟದ ಆರಂಭ ಮಾತ್ರ ಚೆನ್ನಾಗಿರಲಿಲ್ಲ. 1958ರಲ್ಲಿ ಕೆನಡಾದ ಕ್ಯಾಲ್ಗರಿ ತಂಡ ಅವರನ್ನು ಕೈಬಿಟ್ಟಿತು. ಮರುವರ್ಷ ವಾಷಿಂಗ್ಟನ್ ತಂಡವೂ ಬೇಡವೆಂದಿತು. 1960ರಲ್ಲಿ ಹಳೆಯ ಎನ್‌ಎಫ್‌ಎಲ್‌ಗೆ ಪ್ರತಿಸ್ಪರ್ಧಿಯಾಗಿ ಎಎಫ್‌ಎಲ್ ಎಂಬ ಹೊಸ ಲೀಗ್ ಹುಟ್ಟಿಕೊಳ್ಳದಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆ ಲೀಗಿನ ಓಕ್‌ಲ್ಯಾಂಡ್ ರೈಡರ್ಸ್ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಫ್ಲೋರೆಸ್ ನೆಲೆಯೂರಿದರು. ಲ್ಯಾಟಿನ್ ಅಮೆರಿಕ ಮೂಲದ ಸಮುದಾಯದಿಂದ ಬಂದು ವೃತ್ತಿ ಫುಟ್‌ಬಾಲಿನಲ್ಲಿ ಆ ಸ್ಥಾನ ಪಡೆದ ಮೊದಲಿಗರೆಂದು ಅವರನ್ನು ಗುರುತಿಸಲಾಗುತ್ತದೆ.

ಶ್ವಾಸಕೋಶದ ಕಾಯಿಲೆಯಿಂದಾಗಿ 1962ರ ಇಡೀ ಋತುವನ್ನು ಅವರು ಕಳೆದುಕೊಂಡರು. ಆ ವರ್ಷ ರೈಡರ್ಸ್ 14 ಪಂದ್ಯಗಳಲ್ಲಿ 13 ಸೋತಿತು. ಗುಣಮುಖರಾಗಿ ಮರಳಿದ ಫ್ಲೋರೆಸ್, 1963ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ ಆರು ‘ಟಚ್‌ಡೌನ್’ ಎಸೆತಗಳನ್ನು ಎಸೆದು 52–49ರ ಗೆಲುವು ತಂದರು. 1967ರಲ್ಲಿ ರೈಡರ್ಸ್ ಅವರನ್ನು ಬಫಲೋ ತಂಡಕ್ಕೆ ಕೊಟ್ಟು ಡ್ಯಾರಿಲ್ ಲಮೋನಿಕಾ ಅವರನ್ನು ತಂದುಕೊಂಡಿತು. ಅದೇ ವರ್ಷ ಸೂಪರ್ ಬೌಲ್‌ವರೆಗೂ ಹೋಯಿತು. ಫ್ಲೋರೆಸ್ ಕೊನೆಗೆ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದ ಬದಲಿ ಕ್ವಾರ್ಟರ್‌ಬ್ಯಾಕ್ ಆದರು. 1970ರ ಜನವರಿಯಲ್ಲಿ ಆ ತಂಡ ಸೂಪರ್ ಬೌಲ್ ಗೆದ್ದಾಗ ಅವರ ಬೆರಳಿಗೂ ವಿಜೇತರ ಉಂಗುರ ಬಂತು.

ಮೂಲೆ ಸೇರಿದವನಿಗೆ ಅವಕಾಶ

1972ರಲ್ಲಿ ರೈಡರ್ಸ್‌ಗೆ ಮರಳಿದ ಫ್ಲೋರೆಸ್, ಜಾನ್ ಮ್ಯಾಡನ್ ಅವರ ಸಹಾಯಕ ತರಬೇತುದಾರರಾಗಿ ಏಳು ಋತು ದುಡಿದರು. 1977ರ ಜನವರಿಯಲ್ಲಿ ರೈಡರ್ಸ್ ಗೆದ್ದಾಗ ಸಿಕ್ಕಿದ್ದು ಎರಡನೇ ಉಂಗುರ. 1979ರಲ್ಲಿ ಮ್ಯಾಡನ್ ನಿವೃತ್ತರಾದಾಗ ಮುಖ್ಯ ತರಬೇತುದಾರನ ಹೊಣೆ ಅವರ ಹೆಗಲೇರಿತು. ಮ್ಯಾಡನ್ ಕೂಗಾಡುವ, ಕೈ ಬೀಸುವ ಮನುಷ್ಯ. ಫ್ಲೋರೆಸ್ ಮುಖದಲ್ಲಿ ಗೆದ್ದರೂ ಸೋತರೂ ಒಂದೇ ಭಾವ. ‘ಐಸ್‌ಮ್ಯಾನ್’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

1980ರ ಐದನೇ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಪಾಸ್ಟೊರಿನಿ ಕಾಲು ಮುರಿದುಕೊಂಡರು. ತಂಡ ಗೆದ್ದದ್ದು ಎರಡು, ಸೋತದ್ದು ಮೂರು. ಆಗ ಮುಂದೆ ಬಂದವರು ಜಿಮ್ ಪ್ಲಂಕೆಟ್. ಅವರ ತಂದೆ ತಾಯಿ ಅಂಧರು, ಮೆಕ್ಸಿಕೊ ಮೂಲದವರು. ಕಾಲೇಜು ಆಟದಲ್ಲಿ ದೇಶದ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದಿದ್ದರೂ ವೃತ್ತಿ ಆಟದಲ್ಲಿ ಎರಡು ತಂಡಗಳಿಗೆ ಬೇಡವಾಗಿ ರೈಡರ್ಸ್‌ನಲ್ಲಿ ಮೂಲೆ ಸೇರಿದ್ದರು. ತಂಡದಿಂದ ಹೊರಬೀಳುವುದೆಂದರೇನು ಎಂದು ಸ್ವತಃ ಉಂಡು ತಿಳಿದ ತರಬೇತುದಾರ ಅವರ ಬೆನ್ನಿಗಿದ್ದರು. ಮುಂದಿನ 11 ಪಂದ್ಯಗಳಲ್ಲಿ ಒಂಬತ್ತನ್ನು ತಂಡ ಗೆದ್ದಿತು. 1981ರ ಜನವರಿ 25ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನು 27–10ರಿಂದ ಮಣಿಸಿತು. ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯದೆ, ‘ವೈಲ್ಡ್ ಕಾರ್ಡ್’ ಮೂಲಕ ಒಳಬಂದ ತಂಡವೊಂದು ಸೂಪರ್ ಬೌಲ್ ಗೆದ್ದದ್ದು ಅದೇ ಮೊದಲು. ಅಲ್ಪಸಂಖ್ಯಾತ ಸಮುದಾಯದ ತರಬೇತುದಾರರೊಬ್ಬರು ಗೆದ್ದದ್ದೂ ಅದೇ ಮೊದಲು.

ಲಾಸ್ ಏಂಜಲೀಸ್‌ಗೆ ನೆಲೆ ಬದಲಿಸಿದ ರೈಡರ್ಸ್ ತಂಡ 1984ರ ಜನವರಿ 22ರಂದು ಮತ್ತೆ ಗೆದ್ದಿತು. ಎದುರಾಳಿ, ಕಾಲು ಶತಮಾನದ ಹಿಂದೆ ಫ್ಲೋರೆಸ್ ಅವರನ್ನು ಕೈಬಿಟ್ಟಿದ್ದ ವಾಷಿಂಗ್ಟನ್. ಅಂಕ 38–9.

ಗಮನಿಸಬೇಕಾದ ಸಂಗತಿಯೊಂದಿದೆ. ಎರಡು ಸಲವೂ ಅಂತಿಮ ಪಂದ್ಯದ ಎದುರಾಳಿಗೆ ರೈಡರ್ಸ್ ಅದೇ ಋತುವಿನಲ್ಲಿ ಸೋತಿತ್ತು: ಈಗಲ್ಸ್‌ಗೆ 7–10, ವಾಷಿಂಗ್ಟನ್‌ಗೆ 35–37. ಸೋಲಿನ ಪಾಠ ವ್ಯರ್ಥವಾಗಲಿಲ್ಲ. ಮೊದಲ ಪಂದ್ಯದಲ್ಲಿ ವಾಷಿಂಗ್ಟನ್ ಒಂದು ಗಿಡ್ಡ ಎಸೆತದಿಂದ 67 ಗಜ ಸಾಗಿತ್ತು. ಸೂಪರ್ ಬೌಲ್‌ನ ಮೊದಲರ್ಧಕ್ಕೆ 12 ಸೆಕೆಂಡು ಉಳಿದಾಗ ಅದೇ ತಂತ್ರ ಬರಬಹುದೆಂದು ಊಹಿಸಿದ ಸಹಾಯಕ ತರಬೇತುದಾರ ಚಾರ್ಲಿ ಸಮ್ನರ್, ಜ್ಯಾಕ್ ಸ್ಕ್ವಿರೆಕ್ ಎಂಬ ಬದಲಿ ಆಟಗಾರನನ್ನು ಕಣಕ್ಕಿಳಿಸಿದರು. ಆತ ಚೆಂಡನ್ನು ನಡುವೆಯೇ ಹಿಡಿದು ಗೆರೆ ದಾಟಿದ. ಸಹಾಯಕರಿಗೆ ಕೈಬಿಟ್ಟು ಕೆಲಸ ಮಾಡಲು ಬಿಡುವುದು ಫ್ಲೋರೆಸ್ ಅವರ ರೀತಿಯಾಗಿತ್ತು.

ಕಾಯುವಿಕೆ ಏಕೆ?

ಆ ರೀತಿಯೇ ಅವರಿಗೆ ಮುಳುವಾಯಿತೆಂದೂ ಹೇಳಬಹುದು. ರೈಡರ್ಸ್ ಎಂದರೆ ಜನರ ಕಣ್ಣಿಗೆ ಬೀಳುತ್ತಿದ್ದುದು ಅದರ ಅಬ್ಬರದ ಮಾಲೀಕ ಅಲ್ ಡೇವಿಸ್. ಗೆಲುವಿನ ಶ್ರೇಯಸ್ಸು ಅತ್ತ ಹರಿಯಿತು. 1987ರ ಋತುವಿನ ನಂತರ ರೈಡರ್ಸ್ ಬಿಟ್ಟ ಫ್ಲೋರೆಸ್, ಸಿಯಾಟಲ್ ಸೀಹಾಕ್ಸ್ ತಂಡದ ಅಧ್ಯಕ್ಷರಾದರು. 1992ರಿಂದ 1994ರವರೆಗೆ ಅಲ್ಲಿ ತರಬೇತುದಾರರಾಗಿ ಗೆದ್ದದ್ದು 14, ಸೋತದ್ದು 34. ಒಟ್ಟು ಲೆಕ್ಕದಲ್ಲಿ ಅವರ ಗೆಲುವು 97, ಸೋಲು 87ಕ್ಕೆ ಬಂದು ನಿಂತಿತು. ಆದರೆ ನಾಕ್‌ಔಟ್ ಹಂತದಲ್ಲಿ ಆಡಿಸಿದ 11 ಪಂದ್ಯಗಳಲ್ಲಿ ಎಂಟನ್ನು ಗೆದ್ದಿದ್ದರು.

ಜನಾಂಗದ ಕಾರಣಕ್ಕೇ ಅವರನ್ನು ಮರೆಯಲಾಯಿತು ಎಂದು ಅನೇಕ ಅಭಿಮಾನಿಗಳು ದೂರಿದರು. ಅದನ್ನು ತಳ್ಳಿಹಾಕುವುದು ಕಷ್ಟ. ಅದೊಂದೇ ಕಾರಣ ಎನ್ನುವುದೂ ಕಷ್ಟ. ಎರಡು ಸೂಪರ್ ಬೌಲ್ ಗೆದ್ದ ಜಾರ್ಜ್ ಸೀಫರ್ಟ್ ಕೂಡ ಆಗ ಇನ್ನೂ ಕೀರ್ತಿಮಂದಿರದ ಹೊರಗೇ ಇದ್ದರು. ಸದ್ದು ಮಾಡದವರು ಸಾಲಿನಲ್ಲಿ ಹಿಂದೆ ಬೀಳುವುದು ಎಲ್ಲ ಕಡೆಯೂ ಉಂಟು.

ಕೊನೆಗೂ 2021ರ ಆಗಸ್ಟ್ 8ರಂದು ಓಹಿಯೊ ರಾಜ್ಯದ ಕ್ಯಾಂಟನ್‌ನಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು. ಮೊದಲ ಸೂಪರ್ ಬೌಲ್ ಗೆಲುವಿನಿಂದ ಆ ದಿನಕ್ಕೆ 40 ವರ್ಷ ಕಳೆದಿತ್ತು. ಆಟಗಾರ, ಸಹಾಯಕ, ಮುಖ್ಯ ತರಬೇತುದಾರ ಈ ಮೂರೂ ಪಾತ್ರಗಳಲ್ಲಿ ಸೂಪರ್ ಬೌಲ್ ಗೆದ್ದವರು ಅದುವರೆಗೆ ಇಬ್ಬರೇ: ಮೈಕ್ ಡಿಟ್ಕಾ ಮತ್ತು ಫ್ಲೋರೆಸ್. ಡಿಟ್ಕಾ ಅವರನ್ನು ಕ್ಯಾಂಟನ್ ಆಟಗಾರನೆಂದು ಗೌರವಿಸಿದ್ದು 1988ರಲ್ಲಿ. ಕೂಲಿಯವರ ಮಗನ ಸರದಿ ಬರಲು ಇನ್ನೂ 33 ವರ್ಷ ಬೇಕಾಯಿತು.